ಗೂಡಿನ ಮುಂದಣ ಮರಸು

ಹಕ್ಕಿಯ ಗೂಡನ್ನು ಅರಸಿ ಹೋದವರ ಚರಿತ್ರೆಯನ್ನು ಬರೆಯಹೊರಟವನು ಅಪ್ರಿಯವಾದ ಒಂದು ಸಂಗತಿಯಿಂದಲೇ ಆರಂಭಿಸಬೇಕಾಗುತ್ತದೆ. ನಮ್ಮ ದೇಶದಲ್ಲಿ ಈ ವಿದ್ಯೆಗೆ ಅಸ್ತಿವಾರ ಹಾಕಿದವರು ಗೂಡಿನ ಬಳಿಗೆ ಹೋದುದು ಮೊಟ್ಟೆಯನ್ನು ಎತ್ತಿಕೊಂಡು ಬರುವುದಕ್ಕಾಗಿ. ಕಾಂಗ್ರೆಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬನೆಂದು ನಾವೆಲ್ಲರೂ ಬಲ್ಲ ಅಲನ್ ಆಕ್ಟೇವಿಯನ್ ಹ್ಯೂಮನು, ರಾಜಕಾರಣಕ್ಕೆ ಇಳಿಯುವ ಮುನ್ನ, ಭಾರತದ ಪಕ್ಷಿಗಳ ಗೂಡುಗಳನ್ನೂ ಮೊಟ್ಟೆಗಳನ್ನೂ ಕುರಿತ ಗ್ರಂಥವೊಂದನ್ನು 1873ರಲ್ಲಿ ಪ್ರಕಟಿಸಿದ್ದನು. ದೇಶದ ಮೂಲೆಮೂಲೆಗಳಲ್ಲಿದ್ದ ಅಧಿಕಾರಿಗಳೂ ಸೈನಿಕರೂ ತೋಟದ ದೊರೆಗಳೂ ಅವನಿಗೆ ಹಕ್ಕಿಗಳ ಚರ್ಮಗಳನ್ನೂ ಮೊಟ್ಟೆಗಳನ್ನೂ ಕಟ್ಟುಕಟ್ಟಾಗಿ ಕಳುಹಿಸುತ್ತಿದ್ದರು. ತನ್ನ ಹಸ್ತಪ್ರತಿಗಳನ್ನು ಮನೆಯ ಆಳೊಬ್ಬನು ರದ್ದಿಯ ಬೆಲೆಗೆ ಬಜಾರಿನಲ್ಲಿ ಮಾರಿಬಿಟ್ಟುದನ್ನು ಕಂಡು ಮನಸ್ಸು ಮುರಿದು, 1885ರಲ್ಲಿ ಅವನು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದ ಮಾದರಿಗಳ ಸಂಖ್ಯೆ 80,000ವನ್ನು ಮೀರಿತ್ತು. ಮೊಟ್ಟೆಯ ಚಿಪ್ಪಿಗೆ ಸಣ್ಣ ರಂಧ್ರವನ್ನು ಕೊರೆದು, ಒಳಗಿನ ಜೀವದ್ರವ್ಯವನ್ನು ಊದಿ ಹೊರತೆಗೆದು, ಬರಿದಾದ ಚಿಪ್ಪನ್ನು ಹತ್ತಿಯ ಹಾಸಿನ ಮೇಲಿಟ್ಟು, ಊರು ತಿಂಗಳು ತಾರೀಖುಗಳನ್ನು ಬರೆದು ಬೀರುವಿನ ಖಾನೆಗಳಲ್ಲಿ ಜೋಡಿಸುವ ಈ ವ್ಯಸನಕ್ಕೆ ಆ ಕಾಲದಲ್ಲಿ ಶಾಸ್ತ್ರದ ಗೌರವವಿತ್ತು. ಒಂದೆರಡು ಬಿಡಿ ಮೊಟ್ಟೆಗಳಿಗಿಂತ ಗೂಡೊಂದರ ಮೊಟ್ಟೆಗಳೆಲ್ಲವೂ ಒಟ್ಟಿಗೇ ದೊರೆತರೆ ಸಂಗ್ರಾಹಕನ ಆನಂದ ಇಮ್ಮಡಿಸುತ್ತಿತ್ತು. ತಾಯಿಹಕ್ಕಿಯ ಗತಿಯೇನೆಂಬ ಪ್ರಶ್ನೆ ಆ ಆನಂದಕ್ಕೆ ಅಡ್ಡಬಂದಂತೆ ತೋರುವುದಿಲ್ಲ.

ಆದರೂ ಅವರನ್ನು ಬೈದು ಮುಂದೆ ಸಾಗುವುದು ಕೃತಘ್ನತೆಯಾದೀತು. ಯಾವ ಹಕ್ಕಿ ಯಾವ ಮಾಸದಲ್ಲಿ ಗೂಡು ಕಟ್ಟುತ್ತದೆ, ಎಷ್ಟು ಮೊಟ್ಟೆಯಿಡುತ್ತದೆ, ನೆಲದಲ್ಲೋ ಪೊಟರೆಯಲ್ಲೋ ಕವಲಿನಲ್ಲೋ ಎಂಬ ತಿಳಿವಳಿಕೆಯ ಬಹುಭಾಗ ನಮಗೆ ಬಂದುದು ಆ ಬೀರುಗಳ ಚೀಟಿಗಳಿಂದಲೇ. ತುಂಗಭದ್ರೆಯ ಆಚೆಯ ಬೆಳಗಾವಿ ಧಾರವಾಡಗಳ ಸೀಮೆಯಲ್ಲಿ ಅಲೆದ ಕ್ಯಾಪ್ಟನ್ ಬಟ್ಲರನು 1881ರಲ್ಲಿ ಸಿದ್ಧಪಡಿಸಿದ ಪಕ್ಷಿಗಳ ಪಟ್ಟಿಯಾಗಲಿ, ಅಸ್ಸಾಮಿನ ಪೊಲೀಸ್ ಅಧಿಕಾರಿಯಾಗಿದ್ದ ಸ್ಟುವರ್ಟ್ ಬೇಕರನು 1932ರಿಂದ 1935ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದ ಗೂಡುಗಳ ಮಹಾಗ್ರಂಥವಾಗಲಿ ಇಲ್ಲದಿದ್ದರೆ, ಮುಂದೆ ಕ್ಯಾಮರಾ ಹಿಡಿದು ಬಂದವನಿಗೆ ಎಲ್ಲಿ ಯಾವಾಗ ಕಾಯಬೇಕೆಂಬುದೇ ಹೊಳೆಯುತ್ತಿರಲಿಲ್ಲ.

ಈ ಚರಿತ್ರೆಯನ್ನು ನಾನು ನಾಲ್ಕು ತಾಲ್ಲೂಕುಗಳ ಗೂಡುಗಳ ಮೂಲಕ ನೋಡಹೊರಟಿದ್ದೇನೆ. ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳು ಹಿಂದೆ ಮೈಸೂರು ಸಂಸ್ಥಾನದ ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿದ್ದುವು. ಚನ್ನಗಿರಿಯೂ, ಈಚಿನವರೆಗೆ ನ್ಯಾಮತಿಯನ್ನು ತನ್ನೊಳಗಿಟ್ಟುಕೊಂಡಿದ್ದ ಹೊನ್ನಾಳಿಯೂ ಶಿವಮೊಗ್ಗೆಯವು, ಜಗಳೂರು ಚಿತ್ರದುರ್ಗದ್ದು, 1997ರಲ್ಲಿ ಹೊಸ ಜಿಲ್ಲೆ ರಚನೆಯಾದಾಗ ಇವು ಒಂದೇ ಕಚೇರಿಯ ಕೆಳಗೆ ಬಂದುವು. ಕಂದಾಯದ ಕಡತಗಳಿಗೆ ಇದು ಅನುಕೂಲವೋ ಅನನುಕೂಲವೋ ನಾನರಿಯೆ. ಗೂಡುಗಳನ್ನು ನೋಡಬಯಸುವವನಿಗಂತೂ ಇದಕ್ಕಿಂತ ಉತ್ತಮವಾದ ಸಂಯೋಗ ಬೇರೆ ದೊರೆಯಲಾರದು. ಏತಕ್ಕೆಂದರೆ ಮಲೆನಾಡಿನ ಸೆರಗಿನಿಂದ ಬಯಲುಸೀಮೆಯ ಒಡಲಿನವರೆಗೆ ಹಬ್ಬಿರುವ ಈ ಕಿರಿಯ ಭೂಭಾಗದಲ್ಲಿ ನೀರಿನ ಮೇಲೆ ತೇಲುವ ಗೂಡು, ಮರಳಿನ ಮೇಲಿನ ಗೂಡು, ಮರದ ಪೊಟರೆಯ ಗೂಡು, ಬರಿನೆಲದ ಗೂಡು ಎಂಬ ನಾಲ್ಕು ಬಗೆಗಳೂ ಕಾಣಸಿಗುತ್ತವೆ.

ಚನ್ನಗಿರಿಯ ಸೂಳೆಕೆರೆಯನ್ನೇ ಮೊದಲು ನೋಡೋಣ. ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಹರಿದ್ರಾ ನದಿಗೆ ಏರಿಯನ್ನು ಹಾಕಿ ಕಟ್ಟಿದ, ಶಾಂತವ್ವೆಯೆಂಬ ರಾಜಕುಮಾರಿಯ ಹೆಸರನ್ನು ಐತಿಹ್ಯವು ತಳುಕುಹಾಕಿರುವ, ಇಂದು ಶಾಂತಿಸಾಗರವೆಂದೂ ಕರೆಯಿಸಿಕೊಳ್ಳುವ ಈ ಜಲಾಶಯದ ಸುತ್ತಳತೆಯನ್ನು ರೈಸ್ ಸಾಹೇಬನ ಮೈಸೂರು ಗ್ಯಾಸೆಟಿಯರು 40 ಮೈಲಿಯೆಂದು ಬರೆದಿಟ್ಟಿತು. ಅದರ ಅಂಚಿನ ಜೊಂಡು ತಾವರೆಗಳ ನಡುವೆ ಗುಳುಮುಳುಕವು ನೀರುಸಸ್ಯಗಳ ರಾಶಿಯೊಂದನ್ನೇ ತೆಪ್ಪವಾಗಿಸಿಕೊಂಡು ಮೊಟ್ಟೆಯಿಡುತ್ತದೆ. ಅಪಾಯದ ಸುಳಿವು ಹತ್ತಿದೊಡನೆ ಕೊಕ್ಕಿನಿಂದ ಒದ್ದೆ ಎಲೆಗಳನ್ನು ಸರಸರನೆ ಮೊಟ್ಟೆಗಳ ಮೇಲೆಳೆದು ಮುಚ್ಚಿ ನೀರೊಳಗೆ ಮುಳುಗಿ ಮಾಯವಾಗುವ ಈ ಹಕ್ಕಿಯ ಚಾತುರ್ಯದಿಂದಾಗಿ ಎಷ್ಟೋ ಮಂದಿ ಗೂಡನ್ನು ನೋಡುತ್ತ ನಿಂತೂ ಗೂಡನ್ನು ಕಾಣದೆ ಹಿಂದಿರುಗುತ್ತಾರೆ. ದೇವನಕ್ಕಿಯ ಸಂಸಾರವಂತೂ ಲೋಕರೂಢಿಗೆ ತಲೆಕೆಳಗು. ಹೆಣ್ಣು ನಾಲ್ಕು ಮೊಟ್ಟೆಗಳನ್ನಿಟ್ಟು ಬೇರೊಂದು ಗಂಡನ್ನು ಅರಸಿ ಹೊರಟುಹೋಗುತ್ತದೆ. ಕಾವು ಕೂರುವುದು, ಮರಿಗಳನ್ನು ನಡೆಸುವುದು, ನೆಲೆ ಕೆಟ್ಟಿತೆಂದು ಕಂಡರೆ ಮೊಟ್ಟೆಗಳನ್ನು ಬೇರೆಡೆಗೆ ಸಾಗಿಸುವುದು, ಎಲ್ಲವೂ ಗಂಡಿನ ಪಾಲು.

ಕೂಡಲಿಯಲ್ಲಿ ಒಂದಾದ ತುಂಗೆಯೂ ಭದ್ರೆಯೂ ಹೊನ್ನಾಳಿಯ ಮಗ್ಗುಲಿಗೆ ಬರುವ ಹೊತ್ತಿಗೆ ಹೊಳೆ ಅಗಲವಾಗುತ್ತದೆ. ಬೇಸಗೆಯಲ್ಲಿ ನೀರು ಇಳಿದಾಗ ನಡುಹೊಳೆಯಲ್ಲಿ ಮರಳುದಿಣ್ಣೆಗಳು ತಲೆಯೆತ್ತುತ್ತವೆ. ಮಾರ್ಚಿಯಿಂದ ಮೇ ತಿಂಗಳವರೆಗೆ ಇಂಥ ದಿಣ್ಣೆಗಳೇ ರೀವಹಕ್ಕಿಗಳ ಹೆರಿಗೆಮನೆ. ಕಡ್ಡಿಯೊಂದನ್ನೂ ತರದೆ, ಮರಳನ್ನು ಎದೆಯಿಂದ ಒತ್ತಿ ಮಾಡಿದ ತಗ್ಗಿನಲ್ಲಿ, ಮರಳಿನದೇ ಬಣ್ಣದ ಎರಡು ಮೂರು ಮೊಟ್ಟೆಗಳನ್ನಿಡುವ ಈ ಹಕ್ಕಿ, ಮಧ್ಯಾಹ್ನದ ಉರಿಯಲ್ಲಿ ಹೊಳೆಗೆ ಹಾರಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಣಿಸುತ್ತದೆ. ಇಲ್ಲಿ ಕಾವು ಕೂರುವುದೆಂದರೆ ಶಾಖವನ್ನು ಕೊಡುವುದಕ್ಕಿಂತ ಹೆಚ್ಚಾಗಿ ನೆರಳನ್ನು ಕೊಡುವುದು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು; ಮುಂದೆ ಇದರ ಮೇಲೆಯೇ ವ್ಯಾಜ್ಯ ನಿಲ್ಲುತ್ತದೆ.

ನ್ಯಾಮತಿಯ ಕಡೆ ತೀರ್ಥರಾಮೇಶ್ವರದ ಬೆಟ್ಟದ ಕಾಡುಗಳಲ್ಲಿ ಮರಕುಟಿಗವೂ ಕುಟ್ರುಹಕ್ಕಿಯೂ ಒಣಕೊಂಬೆಗಳನ್ನು ಕೊರೆಯುತ್ತವೆ. ಅಲ್ಲಿಂದ ಜಗಳೂರಿಗೆ ಹೋದರೆ ಮರವೇ ವಿರಳ. ಕಲ್ಲುಗುಡ್ಡ, ಕುರುಚಲು, ಕೆಂಪುನೆಲ, ಎರೆಹೊಲ; ಕೊಂಡುಕುರಿಗಾಗಿ 2011ರಲ್ಲಿ ಅಭಯಾರಣ್ಯವಾದ ರಂಗಯ್ಯನದುರ್ಗದ ಸೀಮೆ ಇದು. ಇಲ್ಲಿನ ಹಳದಿ ಟಿಟ್ಟಿಭಕ್ಕೆ ಗೂಡೆಂದರೆ ನಾಲ್ಕು ಹರಳುಗಳ ನಡುವಣ ನಾಲ್ಕು ಮೊಟ್ಟೆಗಳು. ಚೂಪುತುದಿಗಳೆಲ್ಲ ಒಳಮುಖವಾಗಿ ಜೋಡಿಸಿಟ್ಟ ಆ ಮೊಟ್ಟೆಗಳನ್ನು ಕುರಿಕಾಯುವವನು ಕಾಣುತ್ತಾನೆ, ಪಟ್ಟಣದಿಂದ ಬಂದವನು ತುಳಿಯುತ್ತಾನೆ. ಸಮುದ್ರದ ದಡದಲ್ಲಿ ಮೊಟ್ಟೆಯಿಟ್ಟು ಅದನ್ನು ಅಲೆಗಳಿಗೆ ಕಳೆದುಕೊಂಡ ಟಿಟ್ಟಿಭದ ಕಥೆಯನ್ನು ಹೇಳಿದ ಪಂಚತಂತ್ರದ ಕರ್ತೃವಿಗೆ ಈ ಹಕ್ಕಿಯ ನೆಲಗೂಡಿನ ಪರಿಚಯ ಚೆನ್ನಾಗಿ ಇದ್ದಿರಬೇಕು.

ಗೂಡುಗಳ ಈ ಜ್ಞಾನ ಇಲ್ಲಿ ಮೊದಲು ಯಾರಲ್ಲಿತ್ತು ಎಂದು ಕೇಳಿದರೆ, ಯಾವ ಪುಸ್ತಕವನ್ನೂ ಬರೆಯದ ಹಕ್ಕಿಪಿಕ್ಕಿ ಜನರಲ್ಲಿ ಎಂದು ಹೇಳದೆ ವಿಧಿಯಿಲ್ಲ. ಚನ್ನಗಿರಿ ತಾಲ್ಲೂಕಿನಲ್ಲಿ ಇಂದಿಗೂ ನೆಲೆಸಿರುವ ಈ ಸಮುದಾಯ ಮನೆಯಲ್ಲಿ ವಾಗ್ರಿ ಭಾಷೆಯನ್ನಾಡುತ್ತದೆ. ಬಲೆ, ಉರುಲು, ಕೂಗಿನ ಅನುಕರಣೆಗಳಿಂದ ಗೌಜಲಹಕ್ಕಿ ಲಾವುಗೆಗಳನ್ನು ಹಿಡಿದು ಸಂತೆಗೆ ತರುವುದು ತಲೆಮಾರುಗಳ ಕಸುಬಾಗಿತ್ತು. ಇಂಥದೇ ಬೇಟೆಯ ಕಸುಬಿನ ದಖ್ಖನಿನ ಪಾರ್ಧಿಗಳಲ್ಲಿ ಒಂದು ಪಂಗಡವು ಪಳಗಿಸಿದ ದನವನ್ನು ಮುಂದೆ ನಡೆಸಿಕೊಂಡು ಅದರ ಮರೆಯಲ್ಲಿ ಮೃಗಪಕ್ಷಿಗಳ ಸಮೀಪಕ್ಕೆ ಸರಿಯುತ್ತಿತ್ತು. ಮನುಷ್ಯನನ್ನು ಕಂಡು ಬೆದರುವ ಹಕ್ಕಿ ಮೇಯುವ ದನಕ್ಕೆ ಬೆದರುವುದಿಲ್ಲವೆಂಬುದು ಅವರಿಗೆ ಅನುಭವದಿಂದ ಬಂದ ಸಿದ್ಧಾಂತ.

ಇದೇ ಸಿದ್ಧಾಂತವನ್ನು ಇಂಗ್ಲೆಂಡಿನ ಇಬ್ಬರು ಸಹೋದರರು ತಾವೇ ಕಂಡುಕೊಂಡುದು ಚರಿತ್ರೆಯ ವಿನೋದಗಳಲ್ಲೊಂದು. ಯಾರ್ಕ್‌ಷೈರಿನ ರಿಚರ್ಡ್ ಕೀರ್ಟನ್, ಚೆರ್ರಿ ಕೀರ್ಟನ್ ಎಂಬಿವರು 1892ರಲ್ಲಿ ಮೊಟ್ಟೆಗಳಿದ್ದ ಗೂಡೊಂದರ ಛಾಯಾಚಿತ್ರವನ್ನು ತೆಗೆದು, 1895ರಲ್ಲಿ ಗೂಡುಗಳ ಛಾಯಾಚಿತ್ರಗಳಿಂದಲೇ ತುಂಬಿದ ಪುಸ್ತಕವನ್ನು ಹೊರತಂದರು. ಅದೇ 1895ರಲ್ಲಿ ನಮ್ಮ ಟಿಟ್ಟಿಭದ ದಾಯಾದಿಯೊಂದು ಕಾವು ಕುಳಿತಿದ್ದ ಚಿತ್ರಕ್ಕಾಗಿ ರೆಜಿನಾಲ್ಡ್ ಲಾಡ್ಜ್ ಎಂಬವನು ರಾಯಲ್ ಫೋಟೊಗ್ರಾಫಿಕ್ ಸೊಸೈಟಿಯ ಪದಕವನ್ನು ಪಡೆದನು. ಕೀರ್ಟನ್ ಸಹೋದರರು ಮುಂದೆ ಎತ್ತಿನ ಚರ್ಮವೊಂದನ್ನು ಚೌಕಟ್ಟಿನ ಮೇಲೆ ಹೊಲಿಯಿಸಿ, ಅದರ ಟೊಳ್ಳು ಹೊಟ್ಟೆಯಲ್ಲಿ ಕ್ಯಾಮರಾದೊಡನೆ ಅವಿತು ಕುಳಿತರು. ಒಮ್ಮೆ ಆ ಎತ್ತು ರಿಚರ್ಡನ ಸಮೇತ ಮಗುಚಿಬಿದ್ದು ನಾಲ್ಕು ಕಾಲುಗಳನ್ನೂ ಆಕಾಶಕ್ಕೆ ಚಾಚಿದಾಗ ತಮ್ಮನಾದವನು ಮೇಲೆತ್ತುವುದಕ್ಕೆ ಮುನ್ನ ಅದರದೊಂದು ಚಿತ್ರವನ್ನು ತೆಗೆದುಕೊಂಡನಂತೆ. ಪಾರ್ಧಿಯ ದನ ಜೀವಂತ, ಕೀರ್ಟನ್ನರ ಎತ್ತು ಹುಸಿ. ಒಬ್ಬನ ಕೈಯಲ್ಲಿ ಉರುಲು, ಇನ್ನೊಬ್ಬನ ಕೈಯಲ್ಲಿ ಗಾಜಿನ ಫಲಕ. ಮರೆಯ ತತ್ತ್ವ ಮಾತ್ರ ಒಂದೇ.

ಛಾಯಾಗ್ರಾಹಕರು ಹಕ್ಕಿಯನ್ನು ಅದರ ಗೂಡಿನಲ್ಲೇ ಏಕೆ ಹಿಡಿಯಬೇಕಾಗಿತ್ತು ಎಂಬುದನ್ನು ಇಲ್ಲಿ ವಿಚಾರಿಸಬೇಕು; ಇದಕ್ಕೆ ಉತ್ತರ ಹೃದಯದಲ್ಲಿಲ್ಲ, ಯಂತ್ರದಲ್ಲಿದೆ. ಅಂದಿನ ಫಲಕಗಳೂ ಫಿಲ್ಮುಗಳೂ ಬೆಳಕನ್ನು ಬಹು ನಿಧಾನವಾಗಿ ಹೀರುತ್ತಿದ್ದುವು. ಮಸೂರಗಳು ದೂರದ ವಸ್ತುವನ್ನು ಹತ್ತಿರಕ್ಕೆ ತರುತ್ತಿರಲಿಲ್ಲ. ಕ್ಯಾಮರಾವನ್ನು ಮುಕ್ಕಾಲುಪೀಠದ ಮೇಲಿರಿಸಿ, ದೂರವನ್ನು ಮೊದಲೇ ಅಳೆದು ಸಿದ್ಧಪಡಿಸದೆ ಚಿತ್ರ ಮೂಡುತ್ತಿರಲಿಲ್ಲ. ಎಲ್ಲೆಂದರಲ್ಲಿ ಹಾರುವ ಹಕ್ಕಿ ಒಂದು ನಿಯತವಾದ ಬಿಂದುವಿಗೆ ತಪ್ಪದೆ ಮತ್ತೆ ಮತ್ತೆ ಮರಳುವ ಸ್ಥಳ ಜಗತ್ತಿನಲ್ಲಿ ಒಂದೇ, ಅದರ ಗೂಡು. ಆದುದರಿಂದ ಹಕ್ಕಿಯ ಚಿತ್ರವೆಂದರೆ ಗೂಡಿನ ಚಿತ್ರವೆಂಬ ಸಮೀಕರಣ ಹುಟ್ಟಿ ಸುಮಾರು ನೂರು ವರ್ಷ ನಿಂತಿತು. ಭಾರತದಲ್ಲಿ ಈ ಮಾರ್ಗವನ್ನು ಹಿಡಿದ ಆಂಗ್ಲರಲ್ಲಿ ಸೇನಾಧಿಕಾರಿ ಆರ್. ಎಸ್. ಪಿ. ಬೇಟ್ಸನ ಪುಸ್ತಕ 1931ರಲ್ಲಿ ಬಂದಿತು. ರೈಲ್ವೆ ಉದ್ಯೋಗದಲ್ಲಿದ್ದ ಇ. ಎಚ್. ಎನ್. ಲೋಥರನದು 1949ರಲ್ಲಿ.

ಈ ನಡುವೆ ಮೈಸೂರು ಸಂಸ್ಥಾನದಲ್ಲಿ ಮಹತ್ತ್ವದ ಕಾರ್ಯವೊಂದು ನಡೆಯಿತು. ಹೈದರಾಬಾದು, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಪಕ್ಷಿಗಳನ್ನು ಸರ್ವೇಕ್ಷಿಸಿ ಬಂದಿದ್ದ ಸಲೀಂ ಅಲಿಯವರು 1939-40ರಲ್ಲಿ ನಮ್ಮ ಸಂಸ್ಥಾನದ ಸರ್ವೇಕ್ಷಣೆಯನ್ನು ಕೈಗೊಂಡರು. ಅದರ ವರದಿ ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ 1942ರಿಂದ ಕಂತುಗಳಾಗಿ ಪ್ರಕಟವಾಯಿತು. ಬಂದೂಕಿನಿಂದ ಹೊಡೆದು ಚರ್ಮವನ್ನು ತುಂಬುವ ಪದ್ಧತಿ ಅವರಲ್ಲಿಯೂ ಇತ್ತಾದರೂ, ಜೀವಂತ ಹಕ್ಕಿಯ ನಡೆನುಡಿಗಳನ್ನು ನೋಡುವ ಕಣ್ಣು ಅವರದು. ಕೊಂಕಣದ ಕೀಹೀಮಿನಲ್ಲಿ ಗೀಜಗಗಳ ಗೂಡುಗಳ ಮುಂದೆ ಏಣಿಯ ಮೇಲೆ ಮರೆಮಾಡಿಕೊಂಡು ಕುಳಿತು, ಗಂಡು ಅರ್ಧ ನೇಯ್ದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದ ಮೇಲೆಯೇ ಮದುವೆಯೂ ಉಳಿದ ನೇಯ್ಗೆಯೂ ನಡೆಯುವುದೆಂದು ಅವರು ಕಂಡುಹಿಡಿದ ಲೇಖನ 1931ರದು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದುದು ಅವರ ಮಾತಿನಿಂದಲೇ. ಗೂಡುಗಳಿರುವ ಸ್ಥಳವನ್ನು ಗೂಡುಗಳಿಗಾಗಿಯೇ ಕಾಪಾಡಬೇಕೆಂಬ ವಿಚಾರ ನಮ್ಮ ಸರ್ಕಾರದ ಆಜ್ಞೆಯಾಗಿ ಇಳಿದುಬಂದುದು ಹೀಗೆ.

ಸ್ವಾತಂತ್ರ್ಯಾನಂತರ ಈ ಕಲೆಯ ಪೀಠ ಬೆಂಗಳೂರಿಗೆ ಬಂದಿತು. ಒ. ಸಿ. ಎಡ್ವರ್ಡ್ಸರ ಗರಡಿಯಲ್ಲಿ ಪಳಗಿದ ಟಿ. ಎನ್. ಎ. ಪೆರುಮಾಳ್ (1932-2017), ಅವರ ಸಮಕಾಲೀನರಾದ ಇ. ಹನುಮಂತರಾವ್ ಇವರು ಗೂಡಿನ ಹಕ್ಕಿಗಳ ಚಿತ್ರಗಳಿಂದಲೇ ಜಗತ್ತಿನ ಪ್ರದರ್ಶನಗಳಲ್ಲಿ ಕರ್ನಾಟಕಕ್ಕೆ ಕೀರ್ತಿ ತಂದವರು. ಜಗಳೂರಿನ ಉತ್ತರಕ್ಕಿರುವ ಸಂಡೂರಿನ ರಾಜವಂಶದ, ಒಂದು ಕಾಲಕ್ಕೆ ರಾಜ್ಯದ ಅರ್ಥಸಚಿವರೂ ಆಗಿದ್ದ ಎಂ. ವೈ. ಘೋರ್ಪಡೆಯವರು ಕಪ್ಪುಬಿಳುಪಿನ ವನ್ಯಚಿತ್ರಗಳಲ್ಲಿ ತಮ್ಮದೇ ಮಾರ್ಗವನ್ನು ಕಂಡುಕೊಂಡರು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮರಾವನ್ನೂ ಲೇಖನಿಯನ್ನೂ ಒಟ್ಟಿಗೇ ಹಿಡಿದು ಹಕ್ಕಿಗಳನ್ನು ಕನ್ನಡದ ಮನೆಮನೆಗೆ ತಂದರು.

ಆ ಪೀಳಿಗೆಯವರ ಶಿಸ್ತನ್ನು ಇಂದಿನವರು ಅರಿಯರು. ಮಲೆನಾಡಿನ ಬೇಟೆಗಾರನು ಮರೆಯಲ್ಲಿ ಅವಿತು ಮರಸು ಕೂರುವಂತೆಯೇ ಇವರೂ ಕೂರುತ್ತಿದ್ದರಾದರೂ, ಇವರ ಮರಸು ಒಂದೇ ದಿನದಲ್ಲಿ ಏಳುತ್ತಿರಲಿಲ್ಲ. ಕಂದುಬಣ್ಣದ ಬಟ್ಟೆಯ ಪುಟ್ಟ ಗುಡಾರವನ್ನು ಮೊದಲ ದಿನ ದೂರದಲ್ಲಿ ನಿಲ್ಲಿಸಿ ಹಕ್ಕಿಗೆ ಅದರ ರೂಢಿಯಾಗುವವರೆಗೆ ಕಾದು, ಮರುದಿನ ಕೆಲವು ಹೆಜ್ಜೆ, ಅದರ ಮರುದಿನ ಮತ್ತೆ ಕೆಲವು ಹೆಜ್ಜೆ ಮುಂದಕ್ಕೆ ಸರಿಸಿ, ತಾಯಿ ನಿರಾತಂಕವಾಗಿ ಗೂಡಿಗೆ ಬರುತ್ತಿದೆಯೆಂದು ದೃಢಪಟ್ಟ ಮೇಲೆಯೇ ಒಳಹೊಗುವುದು ಪದ್ಧತಿ. ಒಳಹೊಗುವಾಗ ಜತೆಗೊಬ್ಬನನ್ನು ಕರೆದೊಯ್ಯುವರು. ಆತನು ಎದ್ದುಕಾಣುವಂತೆ ಹಿಂದಿರುಗಿ ಹೊರಟುಹೋಗುವನು. ಲೆಕ್ಕ ಬಾರದ ಹಕ್ಕಿ ಬಂದವರೆಲ್ಲರೂ ಹೋದರೆಂದು ನಂಬಿ ಗೂಡಿಗೆ ಮರಳುವುದು. ಮೊಟ್ಟೆಯ ಕಾಲದಲ್ಲಿ ಗೂಡನ್ನು ಸಮೀಪಿಸಬಾರದು, ಮರಿಗಳು ಮೂಡಿ ತಾಯಿಯ ಮೋಹ ಬಲಿತ ಮೇಲೆಯೇ ಕೂರಬೇಕು ಎಂಬುದು ಬಲ್ಲವರ ನಿಯಮವಾಗಿತ್ತು.

ನಿಯಮವಿದ್ದಲ್ಲಿ ಅದರ ಉಲ್ಲಂಘನೆಯೂ ಇರುತ್ತದೆ. ಚಿತ್ರಕ್ಕೆ ಅಡ್ಡವಾದ ರೆಂಬೆಯನ್ನು ಹಗ್ಗದಿಂದ ಹಿಂದಕ್ಕೆ ಕಟ್ಟಿ ಕೆಲಸ ಮುಗಿದೊಡನೆ ಬಿಚ್ಚಬೇಕಾದವನು ಅದನ್ನು ಕಡಿದೇಹಾಕಿದರೆ, ಮಧ್ಯಾಹ್ನದ ಬಿಸಿಲು ನೇರವಾಗಿ ಮರಿಗಳ ಮೇಲೆ ಬೀಳುತ್ತದೆ, ಕಾಗೆಗೂ ಬಿಜ್ಜುವಿಗೂ ಬಾಗಿಲು ತೆರೆದಂತಾಗುತ್ತದೆ. ಹೊನ್ನಾಳಿಯ ಮರಳಿನಂಥ ನೆಲದಲ್ಲಿ ರೀವದ ತಾಯಿಯನ್ನು ಸ್ವಲ್ಪ ಹೊತ್ತು ಎಬ್ಬಿಸಿ ನಿಲ್ಲಿಸಿದರೆ ಸಾಕು, ಯಾರೂ ಮುಟ್ಟದ ಮೊಟ್ಟೆ ಇದ್ದಲ್ಲಿಯೇ ಬೆಂದುಹೋಗುತ್ತದೆ. ಚಿತ್ರ ತೆಗೆದವನು ತಾನು ಏನನ್ನೂ ಮುಟ್ಟಲಿಲ್ಲವೆಂದು ಪ್ರಾಮಾಣಿಕವಾಗಿಯೇ ಪ್ರಮಾಣ ಮಾಡಬಲ್ಲನು. ಹ್ಯೂಮನ ಕಾಲದ ಸಂಗ್ರಾಹಕನು ಮೊಟ್ಟೆಯನ್ನು ಒಯ್ದೆನೆಂದು ತಿಳಿದೇ ಒಯ್ಯುತ್ತಿದ್ದನು. ಈತನಿಗೆ ಆ ತಿಳಿವಳಿಕೆಯೂ ಇಲ್ಲ. ಇಬ್ಬರಲ್ಲಿ ಯಾರ ಅಪರಾಧ ಹೆಚ್ಚಿನದೆಂಬುದನ್ನು ತೀರ್ಮಾನಿಸುವುದು, ನನ್ನ ಮಟ್ಟಿಗೆ, ಅಷ್ಟೇನೂ ಕಷ್ಟವಲ್ಲ.

ಕಾನೂನು ಈ ಸೂಕ್ಷ್ಮವನ್ನು ಗ್ರಹಿಸಿತೆಂಬುದು ಸಮಾಧಾನದ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯೆಂದರೆ ಏನೆಂಬುದನ್ನು ನಿರೂಪಿಸುವಾಗ ಕೊಲ್ಲುವುದು, ಹಿಡಿಯುವುದುಗಳ ಜತೆಗೆ ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದನ್ನೂ, ಮೊಟ್ಟೆಗೂ ಗೂಡಿಗೂ ಉಪದ್ರವ ಕೊಡುವುದನ್ನೂ ಸೇರಿಸಿತು. ಅಂದರೆ ಗೂಡನ್ನು ಕದಡಿದ ಛಾಯಾಗ್ರಾಹಕನೂ ಬಲೆ ಬೀಸಿದವನೂ ಧರ್ಮಾಸನದ ಮುಂದೆ ಒಂದೇ ಸಾಲಿನಲ್ಲಿ ನಿಲ್ಲತಕ್ಕವರು. ಆಚರಣೆಯಲ್ಲಿ ಹಾಗಾಗಲಿಲ್ಲ. ಕಾಯಿದೆಯ ಭಾರವೆಲ್ಲ ಬಿದ್ದುದು ಹಕ್ಕಿಪಿಕ್ಕಿಗಳ ಮೇಲೆ. ತಲೆಮಾರುಗಳ ಕಸುಬು ಒಮ್ಮೆಗೇ ಅಪರಾಧವಾಗಿ, ಅವರು ಗಿಡಮೂಲಿಕೆಯ ತೈಲಗಳನ್ನು ಮಾರುತ್ತ ಊರೂರು ತಿರುಗಿ, ಕಡೆಗೆ ಸಮುದ್ರವನ್ನೂ ದಾಟಿದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಕಾಳಗ ಎದ್ದಾಗ ಅಲ್ಲಿ ಸಿಕ್ಕಿಕೊಂಡ ಕನ್ನಡನಾಡಿನ ಹಕ್ಕಿಪಿಕ್ಕಿಗಳಲ್ಲಿ ಚನ್ನಗಿರಿ ತಾಲ್ಲೂಕಿನವರೂ ಇದ್ದರೆಂಬುದನ್ನು ಪತ್ರಿಕೆಗಳು ವರದಿ ಮಾಡಿದುವು. ಹಕ್ಕಿಯ ಜಾಡನ್ನು ಇವರಷ್ಟು ಬಲ್ಲ ಜನರನ್ನು ಹಕ್ಕಿಗಳ ರಕ್ಷಣೆಗೆ ನಿಯಮಿಸಿಕೊಳ್ಳುವ ಬುದ್ಧಿ ನಮಗೆ ಹೊಳೆಯಬೇಕಾದಷ್ಟು ಹೊಳೆಯಲಿಲ್ಲ.

ಅಷ್ಟರಲ್ಲಿ ನೆಲವೂ ಬದಲಾಗಿತ್ತು. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣಗೊಂಡು, ಅದರ ಬಲದಂಡೆಯ ಕಾಲುವೆ ಚನ್ನಗಿರಿಯ ಹೊಲಗಳನ್ನು ಗದ್ದೆ ತೋಟಗಳಾಗಿ ಮಾರ್ಪಡಿಸಿತು. ಬಯಲಿನ ಹಕ್ಕಿಗಳಿಗೆ ಅದು ನಷ್ಟ, ನೀರಹಕ್ಕಿಗಳಿಗೆ ಲಾಭ. ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಬೇಸಗೆಯಲ್ಲಿ ಮೇಲೇಳುವ ನಡುಗಡ್ಡೆಗಳ ಮೇಲೆ ಇಂದು ರೀವಗಳು ಸಾವಿರಗಟ್ಟಲೆ ನೆರೆದು ಗೂಡುಮಾಡುವುದು ಪ್ರಸಿದ್ಧವೇ ಆಗಿದೆ. ಕೆಳಗಿನ ಹೊಳೆಯಲ್ಲಿಯಾದರೋ ಮರಳೇ ಮಾರಾಟದ ಸರಕಾಗಿ, ದಿಣ್ಣೆಗಳು ಲಾರಿ ಏರಿದುವು. ಜಗತ್ತಿನಲ್ಲಿ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಯಲ್ಲಿ ಹೊಳೆರೀವದ ಹೆಸರೂ ಈಗ ಸೇರಿದೆ.

ಇನ್ನು ಕ್ಯಾಮರಾದ ಮಾತು. ಫಿಲ್ಮು ಹೋಗಿ ಡಿಜಿಟಲ್ ಬಂದಿತು; ಉದ್ದನೆಯ ಮಸೂರಗಳು ಜಗಳೂರಿನಂಥ ಊರುಗಳಿಗೂ ತಲಪಿದುವು; ಹಾರುವ ಹಕ್ಕಿಯ ರೆಕ್ಕೆಯ ಒಂದೊಂದು ಗರಿಯನ್ನೂ ನೂರು ಅಡಿ ದೂರದಿಂದ ಸೆರೆಹಿಡಿಯುವ ಶಕ್ತಿ ಹವ್ಯಾಸಿಯ ಕೈಗೆ ಬಂದಿತು. ನಿಧಾನವಾದ ಫಲಕದ ಕಾಲದಲ್ಲಿ ಅನಿವಾರ್ಯವಾಗಿದ್ದ ಗೂಡು ಈಗ ಯಾವ ಲೆಕ್ಕದಿಂದಲೂ ಅನಿವಾರ್ಯವಲ್ಲ. ಇದನ್ನು ಮನಗಂಡೇ ಅನೇಕ ಸ್ಪರ್ಧೆಗಳೂ ಪತ್ರಿಕೆಗಳೂ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿವೆ. ಪೆರುಮಾಳರ ಪೀಳಿಗೆಯ ಚಿತ್ರಗಳನ್ನು ಇದರಿಂದ ಹೀಗಳೆಯಬೇಕಾಗಿಲ್ಲ. ಹಕ್ಕಿಯ ಬಾಳನ್ನು ಲೋಕಕ್ಕೆ ತೋರಿಸಿ ಅದರ ಮೇಲೆ ಕರುಣೆ ಹುಟ್ಟಿಸಿದ ಚಿತ್ರಗಳವು, ಮತ್ತು ಅಂದು ಬೇರೆ ದಾರಿಯಿರಲಿಲ್ಲ. ದಾರಿ ತೆರೆದ ಮೇಲೂ ಹಳೆಯ ಬಾಗಿಲನ್ನೇ ಒದೆಯುವವರನ್ನು ಕುರಿತು ನನ್ನ ಆಕ್ಷೇಪ.

ಗೂಡನ್ನು ನೋಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಸೂಳೆಕೆರೆಯ ಏರಿಯ ಮೇಲೆ ನಿಂತು ದುರ್ಬೀನಿನಲ್ಲಿ ದೇವನಕ್ಕಿಯ ಗಂಡು ಕಾವು ಕೂರುವುದನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿದರೂ ಅದಕ್ಕೆ ಯಾವ ಬಾಧೆಯೂ ಇಲ್ಲ, ನೋಡಿದ್ದನ್ನು ತಾರೀಖಿನೊಡನೆ ಬರೆದಿಟ್ಟರೆ ಶಾಸ್ತ್ರಕ್ಕೂ ಪ್ರಯೋಜನವುಂಟು. ಈ ನಾಲ್ಕು ತಾಲ್ಲೂಕುಗಳ ತರುಣ ಛಾಯಾಗ್ರಾಹಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಮಾರ್ಚಿಯಿಂದ ಮೇ ಮುಗಿಯುವವರೆಗೆ ಹೊಳೆಯ ಮರಳುದಿಣ್ಣೆಗೆ ಕಾಲಿಡಬೇಡಿ, ದಡದಿಂದಲೇ ನೋಡಿರಿ, ಜಗಳೂರಿನ ಬಯಲಿನಲ್ಲಿ ಟಿಟ್ಟಿಭ ತಲೆಯ ಮೇಲೆ ಹಾರಾಡಿ ಕಿರುಚಿದರೆ ಬಂದ ಹೆಜ್ಜೆಯಲ್ಲೇ ಹಿಂದಿರುಗಿರಿ, ಕಂಡ ಗೂಡಿನ ಠಾವನ್ನು ಮೊಬೈಲಿನಲ್ಲಿ ಊರಿಗೆಲ್ಲ ಸಾರಬೇಡಿ.